ಕೊಡುಬಳೆ ಡಬ್ಬಿಯ ಲೆಕ್ಕ

ಕಳೆದ ಕಾರ್ತಿಕ ಮಾಸದ ಒಂದು ಗುರುವಾರ ರಾತ್ರಿ ಹತ್ತೂವರೆಯ ಹೊತ್ತಿಗೆ, ಮನೆಯವರೆಲ್ಲ ಮಲಗಿದ ಮೇಲೆ, ಅಡುಗೆಮನೆಯ ದೀಪವನ್ನೂ ಹಾಕದೆ, ಫ್ರಿಜ್ಜಿನ ಬಾಗಿಲನ್ನು ಅರ್ಧ ತೆರೆದು ಅದರ ಬೆಳಕಿನಲ್ಲಿ ನಿಂತುಕೊಂಡೇ ನಾನು ಒಂಬತ್ತು ಕೊಡುಬಳೆ ತಿಂದೆ. ಒಂಬತ್ತು ಎಂಬ ಲೆಕ್ಕ ಇಷ್ಟು ಖಚಿತವಾಗಿ ಹೇಗೆ ಗೊತ್ತೆಂದರೆ, ದೀಪಾವಳಿಗೆ ಮಾಡಿದ್ದರಲ್ಲಿ ಹನ್ನೊಂದು ಉಳಿದಿವೆ ಎಂದು ಅಂದು ಬೆಳಿಗ್ಗೆಯಷ್ಟೇ ನಮ್ಮ ಅತ್ತೆ ಎಣಿಸಿ ಡಬ್ಬಿಗೆ ಹಾಕಿದ್ದರು. ಮರುದಿನ ಅದರಲ್ಲಿ ಎರಡು ಇದ್ದವು. ಕೊನೆಯ ಎರಡನ್ನು ಉಳಿಸಿದ್ದು ಸಂಯಮದಿಂದಲ್ಲ, ಡಬ್ಬಿ ಪೂರ್ತಿ ಖಾಲಿಯಾದರೆ ಸಿಕ್ಕಿಬೀಳುತ್ತೇನೆ ಎಂಬ ಭಯದಿಂದ.

ಆಗ ನಾನು ತೂಕ ಇಳಿಸುವ ಆಹಾರಕ್ರಮವೊಂದನ್ನು ಪಾಲಿಸತೊಡಗಿ ಏಳನೆಯ ವಾರ ನಡೆಯುತ್ತಿತ್ತು. ಮೈಸೂರಿನಲ್ಲಿ ನಾನು ಹೋಗುತ್ತಿದ್ದ ಜಿಮ್‌ನಲ್ಲಿ ಕೊಟ್ಟ ಮುದ್ರಿತ ಪಟ್ಟಿ ಅದು. ಬೆಳಿಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನ ಎರಡು ಚಪಾತಿ, ರಾತ್ರಿ ಒಂದು ಬಟ್ಟಲು ಸೂಪು, ತಿಂಗಳ ಮೂವತ್ತು ದಿನವೂ ಅಷ್ಟೇ. ಆ ಗುರುವಾರ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತಾಗ ಹಿಂದಿನ ವಾರಕ್ಕಿಂತ 1.2 ಕಿಲೋ ಹೆಚ್ಚು ತೋರಿಸಿತು. ವಾರವಿಡೀ ಪಟ್ಟಿಯನ್ನು ಒಂದಿಷ್ಟೂ ಮೀರದಿದ್ದ ನನಗೆ ಅದನ್ನು ನೋಡಿ ಅಳು ಬಂದಷ್ಟಾಯಿತು. ಶಿಕ್ಷೆಯೆಂಬಂತೆ ಮಧ್ಯಾಹ್ನದ ಚಪಾತಿಯನ್ನು ಬಿಟ್ಟು ಸೌತೆಕಾಯಿ ಮತ್ತು ಮಜ್ಜಿಗೆಯಲ್ಲಿ ಊಟ ಮುಗಿಸಿದೆ. ಸಂಜೆ ಬಸ್ಸಿನಲ್ಲಿ ಪಕ್ಕದವರ ತೊಡೆಯ ಮೇಲಿದ್ದ ಬೋಂಡದ ಪೊಟ್ಟಣ ಎಣ್ಣೆಯಲ್ಲಿ ಒದ್ದೆಯಾಗಿ ಪಾರದರ್ಶಕವಾಗುತ್ತಾ ಬರುವುದನ್ನು ಅಗ್ರಹಾರದಿಂದ ಕುವೆಂಪುನಗರದವರೆಗೆ ನೋಡುತ್ತಾ ಕುಳಿತಿದ್ದೆ. ರಾತ್ರಿ ಸೂಪು ಕುಡಿದು ಮಲಗಿದೆ. ಮುಂದಿನದು ಹೇಳಿಯಾಗಿದೆ.

ಶುಕ್ರವಾರ ಬೆಳಿಗ್ಗೆ ಅತ್ತೆ ಡಬ್ಬಿಯನ್ನು ಅಲುಗಾಡಿಸಿ ನೋಡಿ, ಗದರದೆ, ಸುಮ್ಮನೆ ಹೇಳಿದರು: “ಸೋಮವಾರ ಇಲ್ಲ ಮಂಗಳವಾರ ನಿಂಗೆ ಆಗತ್ತೆ ನೋಡಮ್ಮ.”

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ನಮ್ಮ ಅಡುಗೆಮನೆಯ ಗೋಡೆಗೆ ತೂಗುಹಾಕಿರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಖು, ಇವುಗಳ ನಡುವೆ ನನ್ನ ಮುಟ್ಟಿನ ದಿನಕ್ಕೆ ಕೆಂಪು ಶಾಯಿಯ ಒಂದು ಚುಕ್ಕೆಯೂ ಇರುತ್ತದೆ. ಎಣಿಸಿ ನೋಡಿದರೆ ಗುರುವಾರ ನನ್ನ ಚಕ್ರದ 24ನೆಯ ದಿನವಾಗಿತ್ತು. ಮಂಗಳವಾರ ಮುಟ್ಟಾದೆ. “ನಿಮಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದ್ದಕ್ಕೆ, “ಹತ್ತು ವರ್ಷದಿಂದ ಡಬ್ಬಿ ತುಂಬಿಸ್ತಾ ಇರೋಳು ನಾನೇ ಅಲ್ವಾ” ಎಂದರು.

ಆಮೇಲೆ ಕುಳಿತು ಹಿಂದಿನ ಹಾಳೆಗಳನ್ನು ತಿರುವಿದೆ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳಿಗೆ ಸರಿಹೊಂದದ ಮೊತ್ತವನ್ನು ಹಾಗೇ ಬಿಡಲು ಮನಸ್ಸಾಗುವುದಿಲ್ಲ. ಆಷಾಢದಲ್ಲಿ ಚಾಮುಂಡಿಬೆಟ್ಟಕ್ಕೆ ಹೋಗಿ ಬರುವಾಗ ಒಂದರ ಮೇಲೊಂದು ಎರಡು ಮಸಾಲೆದೋಸೆ ತಿಂದ ದಿನ, ವರಮಹಾಲಕ್ಷ್ಮಿ ಹಬ್ಬದ ಮರುದಿನ ಒಬ್ಬಟ್ಟಿನ ಹೂರಣವನ್ನೇ ಚಮಚದಲ್ಲಿ ಕೆರೆದು ತಿಂದ ದಿನ, ಹೀಗೆ ನನ್ನನ್ನು ನಾನೇ ಬೈದುಕೊಂಡಿದ್ದ ದಿನಗಳು ನೆನಪಿದ್ದವು. ಅವೆಲ್ಲವೂ ಕೆಂಪು ಚುಕ್ಕೆಗೆ ಮೂರರಿಂದ ಆರು ದಿನ ಹಿಂದಿದ್ದವು. ಇದಕ್ಕಿಂತ ಕುತೂಹಲದ್ದೆಂದರೆ, ನಾನು ಪಟ್ಟಿಯನ್ನು ಆರಂಭಿಸಿದ್ದು ಚಕ್ರದ ಆರನೆಯ ದಿನ. ಮೊದಲ ಎಂಟುಹತ್ತು ದಿನ ಹಸಿವೇ ಕಾಡದೆ, “ಪರವಾಗಿಲ್ಲ, ನನಗೂ ಮನೋಬಲವಿದೆ” ಎಂದು ಬೀಗಿದ್ದೆ. ಅದು ಮನೋಬಲವಾಗಿರಲಿಲ್ಲ, ತಾರೀಖು ಚೆನ್ನಾಗಿತ್ತು, ಅಷ್ಟೆ.

ಆ ತಿಂಗಳ ಕೊನೆಯಲ್ಲಿ, ಕಚೇರಿಯ ಮೂರನೆಯ ಮಹಡಿಗೆ ಹತ್ತುವಾಗ ಏದುಸಿರು ಬರುತ್ತಿದ್ದುದರಿಂದ ಸ್ತ್ರೀರೋಗ ತಜ್ಞೆಯೊಬ್ಬರನ್ನು ಕಂಡೆ. ಕೊಡುಬಳೆಯ ಕಥೆಯನ್ನೂ ಸಂಕೋಚದಿಂದಲೇ ಹೇಳಿದೆ. ಅವರು ನಗಲಿಲ್ಲ. ಮುಟ್ಟು ಮುಗಿದ ನಂತರದ ದಿನಗಳಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಏರುತ್ತಾ ಹೋಗುತ್ತದೆ, ಅದು ಹಸಿವನ್ನು ಸ್ವಲ್ಪ ಅಡಗಿಸುತ್ತದೆ, ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಅನೇಕರ ಊಟ ತಿಂಗಳಲ್ಲೇ ಅತ್ಯಂತ ಕಡಿಮೆಯಿರುತ್ತದೆ ಎಂದು ವಿವರಿಸಿದರು. ಅನಂತರದ ಸುಮಾರು ಎರಡು ವಾರ ಇನ್ನೊಂದು ಹಾರ್ಮೋನಾದ ಪ್ರೊಜೆಸ್ಟರಾನ್‌ನ ಕಾಲ. ಆಗ ಮೈಯ ಉಷ್ಣಾಂಶ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ, ಸುಮ್ಮನೆ ಕುಳಿತಿದ್ದರೂ ದೇಹ ಖರ್ಚು ಮಾಡುವ ಶಕ್ತಿ ಹಲವರಲ್ಲಿ ತುಸು ಹೆಚ್ಚುತ್ತದೆ, ಹಸಿವೂ ಹೆಚ್ಚುತ್ತದೆ. ಆ ಹೆಚ್ಚುವರಿ ಖರ್ಚು ದೊಡ್ಡ ಮೊತ್ತವಲ್ಲ, ಎಲ್ಲರಲ್ಲಿ ಒಂದೇ ತೆರನಾಗಿಯೂ ಇರುವುದಿಲ್ಲ ಎಂಬುದನ್ನೂ ಅವರು ಸೇರಿಸಿದರು. ಅಂದರೆ ಒಂದೆರಡು ಕೊಡುಬಳೆಗೆ ಪ್ರೊಜೆಸ್ಟರಾನ್ ಜವಾಬು ಹೇಳೀತು. ಉಳಿದ ಏಳಕ್ಕೆ ಜವಾಬು ಹೇಳಬೇಕಾದದ್ದು ನಾನು ಬಿಟ್ಟ ಮಧ್ಯಾಹ್ನದ ಊಟ. ತೂಕದ ಯಂತ್ರ ತೋರಿಸಿದ 1.2 ಕಿಲೋದಲ್ಲಿ ಬಹುಪಾಲು ಆ ದಿನಗಳಲ್ಲಿ ಮೈ ಹಿಡಿದಿಟ್ಟುಕೊಳ್ಳುವ ನೀರು. ಅದು ಮುಟ್ಟಿನ ಮೂರನೆಯ ದಿನಕ್ಕೆ ಯಾರ ಶ್ರಮವೂ ಇಲ್ಲದೆ ಇಳಿದೂ ಹೋಯಿತು. ನೀರಿನ ತೂಕಕ್ಕೆ ನಾನು ಹೊಟ್ಟೆಯನ್ನು ದಂಡಿಸಿದ್ದೆ.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.6 ಬಂದಿತ್ತು. ಗರ್ಭಿಣಿಯಲ್ಲದ ಹೆಂಗಸಿನಲ್ಲಿ ಅದು 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆಯೆಂದು ಲೆಕ್ಕ. ಇದರಲ್ಲಿ ನಾನು ಒಂಟಿಯೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿ, ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರು. ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟ ವೈದ್ಯರು ನಾನು ಊಟವಾದ ಕೂಡಲೇ ಏನು ಕುಡಿಯುತ್ತೇನೆ ಎಂದು ಕೇಳಿದರು. ನಾನು ಕಾಫಿ ಎಂದೆ. ಚಿಕ್ಕಮಗಳೂರಿನ ಬೀಜ, ಮನೆಯ ಫಿಲ್ಟರ್, ಗಟ್ಟಿ ಡಿಕಾಕ್ಷನ್ ಎಂದೆಲ್ಲ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ನಮ್ಮದು ಸಸ್ಯಾಹಾರಿ ಮನೆ. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದು ಮೊದಲೇ ಕಷ್ಟ, ಅದರ ಮೇಲೆ ಕಾಫಿ ಚಹಾ ಬಿದ್ದರೆ ಇನ್ನೂ ಕಷ್ಟ, ಆದ್ದರಿಂದ ಊಟಕ್ಕೂ ಕಾಫಿಗೂ ನಡುವೆ ಗಂಟೆಯ ಮೇಲೆ ಅಂತರವಿರಲಿ, ಊಟದ ತಟ್ಟೆಯಲ್ಲಿ ನಿಂಬೆಹಣ್ಣೋ ನೆಲ್ಲಿಕಾಯೋ ಇರಲಿ ಎಂದರು. ಕೊಡುಬಳೆ ಬಿಡುವುದಕ್ಕಿಂತ ಊಟದ ಮೇಲಿನ ಕಾಫಿ ಬಿಡುವುದು ನನಗೆ ಹೆಚ್ಚು ಕಷ್ಟವಾಯಿತೆಂದು ಒಪ್ಪಿಕೊಳ್ಳಬೇಕು.

ಮನೆಗೆ ಬಂದು ಇದನ್ನೆಲ್ಲ ಅತ್ತೆಗೆ ಹೇಳುತ್ತಿದ್ದಾಗ ಅವರು ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು. ಅವರು ತಿಪಟೂರಿನ ಕಡೆಯ ಹಳ್ಳಿಗೆ ಹದಿನೇಳನೆಯ ವಯಸ್ಸಿಗೆ ಸೊಸೆಯಾಗಿ ಹೋದವರು. ಅಲ್ಲಿ ಹೊರಗಾದವಳು ಮೂರು ದಿನ ಹಿತ್ತಲ ಜಗಲಿಯಲ್ಲಿ ಇರಬೇಕಿತ್ತು. ಎಲ್ಲರ ಊಟವಾದ ಮೇಲೆ, ಅವಳ ಅಲ್ಯೂಮಿನಿಯಂ ತಟ್ಟೆಗೆ ಮೇಲಿನಿಂದಲೇ ಅನ್ನ, ಸಾರು ಹಾಕಿ ಹೋಗುತ್ತಿದ್ದರಂತೆ. ಮೊಸರು ಕೊಡುತ್ತಿರಲಿಲ್ಲ. “ಇನ್ನೊಂದು ತುತ್ತು ಹಾಕಿ ಅಂತ ಕೇಳೋ ಹಾಗಿರಲಿಲ್ಲ. ಕೇಳಿದ್ರೆ, ಹೊರಗೆ ಕೂತು ಕೆಲಸವಿಲ್ಲದೆ ತಿಂತಾಳೆ ಅನ್ನೋರು,” ಎಂದರು. ಇಷ್ಟನ್ನು ನಾನು ಬೇರೆಯವರಿಂದಲೂ ಕೇಳಿದ್ದೆ. ಮುಂದೆ ಅವರು ಹೇಳಿದ್ದನ್ನು ಮಾತ್ರ ಯಾರಿಂದಲೂ ಕೇಳಿರಲಿಲ್ಲ.

ಅವರಿಗೆ ತಾರೀಖು ಗುರುತಿಸಿಕೊಳ್ಳಲು ಕ್ಯಾಲೆಂಡರ್ ಇರಲಿಲ್ಲ. ಹೊರಗಾಗುವ ನಾಲ್ಕೈದು ದಿನ ಮೊದಲು, ಉಂಡೆದ್ದರೂ ಉಂಡ ಹಾಗೆನಿಸದ ಒಂದು ಹಸಿವು ಶುರುವಾಗುತ್ತಿತ್ತಂತೆ. ಅದು ಶುರುವಾಯಿತೆಂದರೆ ಅವರು ಕೊಬ್ಬರಿಗೆಂದು ತೆಂಗಿನಕಾಯಿ ಒಣಹಾಕಿರುತ್ತಿದ್ದ ಅಟ್ಟಕ್ಕೆ ಹತ್ತಿ, ಒಡೆದ ಕೊಬ್ಬರಿಯ ಒಂದು ಗಿಟುಕನ್ನೂ ಒಂದು ಮುಷ್ಟಿ ಹುರಿದ ಕಡಲೆಕಾಯಿಯನ್ನೂ ಅಚ್ಚುಬೆಲ್ಲದ ಚೂರನ್ನೂ ಹಳೆಯ ಬಟ್ಟೆಯಲ್ಲಿ ಗಂಟುಕಟ್ಟಿ, ಹಿತ್ತಲ ಜಗಲಿಯ ಹೆಂಚಿನ ಸಂದಿಯಲ್ಲಿ ಸಿಕ್ಕಿಸಿಟ್ಟು ಬರುತ್ತಿದ್ದರು. ಮೂರು ರಾತ್ರಿಗಳಿಗೆ ಅದೇ ಬುತ್ತಿ. ಒಮ್ಮೆ ಇಲಿ ಗಂಟನ್ನೇ ಎಳೆದುಕೊಂಡು ಹೋಗಿತ್ತೆಂದು ಹೇಳಿ ಅವರು ನಕ್ಕರು. ನನಗೆ ನಗು ಬರಲಿಲ್ಲ. ಅರ್ಧ ತೆರೆದ ಫ್ರಿಜ್ಜಿನ ಮುಂದೆ ಕದ್ದು ತಿನ್ನುತ್ತಿದ್ದ ನನ್ನನ್ನು ಕಾವಲು ಕಾಯುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆ ಕೆಲಸವನ್ನು ಜಿಮ್ಮಿನ ಪಟ್ಟಿ ಹಿಡಿದು ನಾನೇ ಮಾಡಿಕೊಳ್ಳುತ್ತಿದ್ದೆ.

ಪಟ್ಟಿಯನ್ನು ಅಂದೇ ಹರಿದುಹಾಕಿದೆ ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು, ಆದರೆ ಅದು ಇನ್ನೂ ಫ್ರಿಜ್ಜಿನ ಮೇಲೆಯೇ ಇದೆ. ಅದರ ಅಂಚಿನಲ್ಲಿ ಪೆನ್ಸಿಲಿನಿಂದ ನಮ್ಮದೇ ತಿದ್ದುಪಡಿಗಳು ಸೇರಿಕೊಂಡಿವೆ. 20ನೆಯ ದಿನದಿಂದಾಚೆಗೆ ಮಧ್ಯಾಹ್ನದ ಊಟವನ್ನು ಕಡಿಮೆ ಮಾಡುವುದಿಲ್ಲ, ಬದಲಿಗೆ ಹೆಚ್ಚಿಸುತ್ತೇನೆ: ಮುದ್ದೆ, ಮೊಳಕೆ ಹುರುಳಿಯ ಸಾರು ಅಥವಾ ಬಸ್ಸಾರು, ಜೊತೆಗೆ ದಂಟಿನ ಸೊಪ್ಪಿನ ಪಲ್ಯ, ನಿಂಬೆಹೋಳು. ಸಂಜೆ ಐದಕ್ಕೆ, ಬಸ್ಸು ಹತ್ತುವ ಮೊದಲೇ, ಒಂದು ಹಿಡಿ ಹುರಿಗಡಲೆ, ಕಡಲೆಕಾಯಿ, ಒಂದು ಬಾಳೆಹಣ್ಣು. ಆ ಐದು ಗಂಟೆಯ ತಿಂಡಿಯಷ್ಟು ಉಪಕಾರ ಬೇರಾವುದೂ ಮಾಡಿಲ್ಲ. ರಾತ್ರಿಯ ಬೇಟೆ ನಿಂತದ್ದು ಅದರಿಂದಲೇ. ಸಿಹಿ ಬೇಕೆನಿಸಿದರೆ ಊಟದ ಕೊನೆಯಲ್ಲಿ ಒಂದು ಎಳ್ಳಿನ ಚಿಗಳಿಯನ್ನು ತಟ್ಟೆಯಲ್ಲಿಟ್ಟುಕೊಂಡು, ಕುಳಿತು, ದೀಪದ ಬೆಳಕಿನಲ್ಲಿ ತಿನ್ನುತ್ತೇನೆ. ಉಪ್ಪಿನಕಾಯಿ, ಹಪ್ಪಳಗಳನ್ನು ಆ ವಾರ ಸ್ವಲ್ಪ ದೂರವಿಟ್ಟರೆ ಹೊಟ್ಟೆಯುಬ್ಬರ ಕಡಿಮೆಯೆನಿಸುತ್ತದೆ, ಆದರೆ ಉಪ್ಪಿನಕಾಯಿಯ ವಿಷಯದಲ್ಲಿ ನಾನು ನಂಬಿಕಸ್ಥಳಲ್ಲ.

ರಾಗಿಯ ಬಗ್ಗೆ ಅತ್ತೆಗೂ ನನಗೂ ಒಂದು ಸಣ್ಣ ಜಟಾಪಟಿಯೇ ನಡೆಯಿತು. ರಾಗಿ ತಿಂದರೆ ರಕ್ತವಾಗುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುವುದು ನಿಜ, ಆ ಮಟ್ಟಿಗೆ ಅದನ್ನು ಮೀರಿಸುವ ಧಾನ್ಯ ನಮ್ಮಲ್ಲಿಲ್ಲ. ಕಬ್ಬಿಣ ಮಾತ್ರ ಅದರಲ್ಲಿ ನಾಲ್ಕೈದು ಮಿಲಿಗ್ರಾಂ ಅಷ್ಟೇ, ಹುರುಳಿಯಲ್ಲಿ ಅದರ ಒಂದೂವರೆ ಪಟ್ಟಿಗೂ ಹೆಚ್ಚು. ನನ್ನ ವಯಸ್ಸಿನ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ಮುದ್ದೆಯನ್ನೇ ನೆಚ್ಚಿಕೊಂಡರೆ ಅಲ್ಲಿಗೆ ಮುಟ್ಟುವುದಿಲ್ಲ. “ಹಾಗಾದ್ರೆ ಮುದ್ದೆಗೆ ಹುರುಳಿ ಸಾರೇ ಯಾಕೆ ಮಾಡ್ತಿದ್ರು ನಮ್ಮೋರು?” ಎಂದು ಅವರು ಕೇಳಿದಾಗ ನನ್ನ ವಾದ ಅಲ್ಲಿಗೇ ನಿಂತಿತು.

ಮುಟ್ಟಿನ ಮೊದಲ ದಿನದ ಸಂಗತಿಯೇ ಬೇರೆ. ಹಿಂದಿನ ವಾರವೆಲ್ಲ ಬಕಾಸುರನಂತಿದ್ದ ಹೊಟ್ಟೆ ಅಂದು ಒಗ್ಗರಣೆಯ ವಾಸನೆಗೇ ಮುಖ ತಿರುಗಿಸುತ್ತದೆ. ಗರ್ಭಕೋಶವನ್ನು ಹಿಂಡಿ ನೋಯಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳೇ ಕರುಳನ್ನೂ ಕೆದಕುವುದರಿಂದ ವಾಕರಿಕೆ, ಭೇದಿ ಎರಡೂ ಇರುತ್ತವೆ. ಮೊದಲಾದರೆ “ಹಿಂದಿನ ವಾರ ತಿಂದದ್ದಕ್ಕೆ ಇದು ಲಂಘನ” ಎಂದುಕೊಂಡು ಸಂಜೆಯವರೆಗೂ ಬರೀ ಕಾಫಿಯಲ್ಲಿ ಕಳೆಯುತ್ತಿದ್ದೆ, ಸಂಜೆಗೆ ತಲೆ ಸಿಡಿಯುತ್ತಿತ್ತು. ಈಗ ಅಂದು ಮೆಣಸು ಜೀರಿಗೆಯ ಸಾರು, ಮೆತ್ತಗೆ ಕಲಸಿದ ಅನ್ನ, ಒಂದು ಚಮಚ ತುಪ್ಪ. ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಮೊಸರನ್ನೂ ಬಿಡುವುದಿಲ್ಲ. ಮೊದಲ ಸಲ ಮುಟ್ಟಿನ ದಿನ ನನ್ನ ಅನ್ನಕ್ಕೆ ಮೊಸರು ಹಾಕುವಾಗ ಅತ್ತೆಯ ಕೈ ಒಂದು ಗಳಿಗೆ ತಡೆದದ್ದನ್ನು ಗಮನಿಸಿದೆ. ಆಮೇಲೆ ಸೌಟು ತುಂಬ ಹಾಕಿದರು.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಪುಷ್ಯ ಮಾಸದಲ್ಲಿ, ಕಚೇರಿಯ ಲೆಕ್ಕತಪಾಸಣೆಯ ಗಡಿಬಿಡಿಯಲ್ಲಿ ಮಧ್ಯಾಹ್ನದ ಊಟ ತಪ್ಪಿ, 25ನೆಯ ದಿನದ ರಾತ್ರಿ ಸಂಕ್ರಾಂತಿಯ ಎಳ್ಳುಬೆಲ್ಲದ ಪೊಟ್ಟಣಗಳನ್ನು ಒಂದೊಂದಾಗಿ ಬಿಡಿಸಿ, ಸಕ್ಕರೆ ಅಚ್ಚುಗಳ ಸಮೇತ ಮುಗಿಸಿದೆ. ತಿಂಗಳು ತಿಂಗಳೂ ಹೀಗೆ ಕೈಮೀರಿದರೆ, ಅದರೊಂದಿಗೆ ಮನಸ್ಸು ಬದುಕೇ ಬೇಡವೆನ್ನುವಷ್ಟು ಕುಸಿದರೆ, ಅಥವಾ ಗಂಟೆಗೊಂದು ಪ್ಯಾಡ್ ಬದಲಿಸುವಷ್ಟು ಸ್ರಾವವಿದ್ದರೆ ಅಡುಗೆಮನೆಯ ಉಪಾಯಗಳನ್ನು ನೆಚ್ಚಿಕೊಳ್ಳದೆ ತಮ್ಮಲ್ಲಿಗೆ ಬರಬೇಕೆಂದು ವೈದ್ಯರು ಎಚ್ಚರಿಸಿದ್ದಾರೆ. ನನ್ನದು ಅಷ್ಟು ದೂರ ಹೋಗಿಲ್ಲ. ಮೂರು ತಿಂಗಳ ಮಾತ್ರೆಯ ನಂತರ ಹಿಮೋಗ್ಲೋಬಿನ್ 11.9ಕ್ಕೆ ಬಂದು ನಿಂತಿದೆ. ತೂಕ, ಪಟ್ಟಿ ಹೇಳಿದಷ್ಟು ಇಳಿದಿಲ್ಲ. ಯಂತ್ರದ ಮೇಲೆ ಈಗ ತಿಂಗಳಿಗೊಮ್ಮೆ, ಎಂಟನೆಯ ದಿನ ಮಾತ್ರ ನಿಲ್ಲುತ್ತೇನೆ.

ನಿನ್ನೆ ಕಚೇರಿಯಿಂದ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ಬಟ್ಟೆಯಲ್ಲಿ ಕಟ್ಟಿ ಮೊಳಕೆಗಿಟ್ಟ ಹುರುಳಿಯ ಗಂಟೊಂದು ಇತ್ತು. ನಾನು ಕ್ಯಾಲೆಂಡರಿನ ಕಡೆ ನೋಡಿದೆ. 21ನೆಯ ದಿನ. ಎಣಿಸಿ ನೆನೆಹಾಕಿದಿರಾ ಎಂದು ಅತ್ತೆಯನ್ನು ಕೇಳಿದೆ. ಎಣಿಸಲಿಲ್ಲವಂತೆ, ಬೆಳಿಗ್ಗೆ ನಾನು ಮೂರನೆಯ ದೋಸೆ ಕೇಳಿದ್ದೆನಂತೆ.