ಉದುರಿದ್ದಲ್ಲ, ಹರಿದಿದ್ದು

ಮಲ್ಲೇಶ್ವರದ ಒಂದು ಸಲೂನ್‌ನಲ್ಲಿ ಆರು ವರ್ಷದಿಂದ ಕುರ್ಚಿ ಹಿಂದೆ ನಿಂತಿದ್ದೇನೆ. ಕತ್ತರಿಯಲ್ಲಿ ಎಡವಟ್ಟಾದರೆ ಲೇಯರ್ ಅಂತ ಹೇಳಿ ಹೇಗೋ ಪಾರಾಗಬಹುದು. ಬ್ರಷ್‌ನಲ್ಲಿ ಎಡವಟ್ಟಾದರೆ ಮುಚ್ಚಿಡುವುದಕ್ಕೆ ಜಾಗವೇ ಇಲ್ಲ. ನಮ್ಮಲ್ಲಿ ಕ್ಲೈಂಟ್‌ಗೆ ಹೊದಿಸುವ ಕೇಪ್ ಬೇರೆ ಬಿಳಿ.

ಮದುವೆ ಸೀಸನ್ನಿನ ಶನಿವಾರ ಅದು. ಮೂರು ವಾಕ್‌ಇನ್ ಕಾಯುತ್ತಿದ್ದರು, ತಲೆ ತೊಳೆಯುವ ಒಂದು ಬ್ಯಾಕ್‌ವಾಶ್‌ ಬೇಸಿನ್ನಿನ ಗೀಸರ್ ಕೈ ಕೊಟ್ಟಿತ್ತು. ಬ್ಲೋಡ್ರೈ, ಅಂದರೆ ತೊಳೆದ ಕೂದಲನ್ನು ಡ್ರೈಯರ್‌ನಲ್ಲಿ ಒಣಗಿಸಿ ಸೆಟ್ ಮಾಡುವುದಕ್ಕೆ, ಸ್ಲಾಟ್ 20 ನಿಮಿಷ. ಬಾಬ್ ಕಟ್‌ಗೂ 20, ಸೊಂಟ ಮುಟ್ಟುವ ಕೂದಲಿಗೂ 20. ಈ ಲೆಕ್ಕ ಹಾಕಿದ ಪುಣ್ಯಾತ್ಮ ಜೀವನದಲ್ಲಿ ಒಂದು ಸಿಕ್ಕು ಬಿಡಿಸಿಲ್ಲ ಅಂತ ನಾನು ಬರೆದುಕೊಡುತ್ತೇನೆ.

ಆಗ ಬಂದಳು ಸಂಜೆ ರಿಸೆಪ್ಷನ್ ಇದ್ದ ಹುಡುಗಿ, ಜೊತೆಗೆ ಅವರಮ್ಮ. ನೇರ ಕೂದಲು, ತೆಳು, ಸೊಂಟದವರೆಗೆ. ಹಿಂದಿನ ದಿನದ ಮೊಗ್ಗಿನ ಜಡೆ ಬಿಚ್ಚಿ ಹಾಗೇ ಬಂದಿದ್ದಳು. ತಲೆ ತುಂಬ ಸ್ಪ್ರೇ ಅಂಟು. ತೊಳೆಯುವ ಮೊದಲೇ ಬೆರಳಲ್ಲಿ ಸಿಕ್ಕು ಸಡಿಲ ಮಾಡಬೇಕಿತ್ತು. ಐದು ನಿಮಿಷ ಉಳಿಯುತ್ತಲ್ಲ ಅಂತ ಸೀದಾ ವಾಶ್‌ಗೆ ಕಳಿಸಿದೆ. ಅಲ್ಲಿ ಟ್ರೇನಿ ಹುಡುಗ ಪಾತ್ರೆ ಒರೆಸಿದ ಹಾಗೆ ಟವೆಲ್‌ನಲ್ಲಿ ತಲೆ ಉಜ್ಜಿ ಕಳಿಸಿದ. ಕತ್ತಿನ ಹಿಂದೆ ನೆಲ್ಲಿಕಾಯಿ ಗಾತ್ರದ ಗಂಟು.

ನಾನು ಅಗಲ ಚಪ್ಪಟೆ ಪ್ಯಾಡಲ್ ಬ್ರಷ್ ತೆಗೆದುಕೊಂಡು ನೆತ್ತಿಯಿಂದಲೇ ಎಳೆದೆ.

ಒದ್ದೆ ಕೂದಲು ಮೋಸ ಮಾಡುತ್ತದೆ. ಬ್ರಷ್ ಕೆಳಗೆ ಜಾರುತ್ತಿದೆ ಅನ್ನಿಸುತ್ತದೆ. ಜಾರುತ್ತಿರುವುದಿಲ್ಲ, ಕೂದಲೇ ರಬ್ಬರಿನ ಹಾಗೆ ಉದ್ದ ಆಗುತ್ತಿರುತ್ತದೆ. ಹುಡುಗಿ ಕುರ್ಚಿ ಕೈ ಗಟ್ಟಿಯಾಗಿ ಹಿಡಿದಿದ್ದಳು, ಬಾಯಿ ಬಿಡಲಿಲ್ಲ. ಪಕ್ಕದ ಕುರ್ಚಿಯ ಡ್ರೈಯರ್ ಒಂದು ಕ್ಷಣ ನಿಂತಿತು. ಆಗ ಕೇಳಿಸಿತು, ಪಟ್, ಪಟ್ ಪಟ್. ಕೇಳಿಸಿದರೂ ಇನ್ನೆರಡು ಸಲ ಎಳೆದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಕೇಪ್ ಮೇಲೆ ಬಿದ್ದದ್ದನ್ನು ಅವರಮ್ಮ ನೋಡಿದರು. ನಾನು ಬಾಯಿಪಾಠ ಒಪ್ಪಿಸಿದೆ: "ದಿನಕ್ಕೆ 50ರಿಂದ 100 ಕೂದಲು ಉದುರೋದು ಸಹಜ ಮೇಡಂ."

ಅವರು ಎದ್ದು ಬಂದರು. ಒಂದು ಎಳೆ ಎತ್ತಿ ಕನ್ನಡಿ ಲೈಟಿಗೆ ಹಿಡಿದರು. ಎರಡು ಉಗುರಿನ ಮಧ್ಯೆ ಈ ತುದಿಯಿಂದ ಆ ತುದಿವರೆಗೆ ಜಾರಿಸಿದರು. "ಉದುರಿದ್ದಾದರೆ ಬುಡದಲ್ಲಿ ಬಿಳಿ ಚುಕ್ಕೆ ಇರಬೇಕಲ್ವಾಮ್ಮಾ? ಎಲ್ಲಿದೆ ತೋರಿಸು. ನನ್ನ ಮಗಳ ಕೂದಲು ಸೊಂಟದವರೆಗಿದೆ, ಇದು ಒಂದು ಗೇಣು. ಉದುರಿದ್ದಲ್ಲ, ಹರಿದಿದ್ದು."

ಮ್ಯಾನೇಜರ್ ಓಡಿ ಬಂದು ಫ್ರೀ ಹೇರ್ ಸ್ಪಾ ಕೂಪನ್ ಹಿಡಿದ. ಆಯಮ್ಮ ಅದರ ಕಡೆ ನೋಡಲೂ ಇಲ್ಲ. "ಅಗಲ ಹಲ್ಲಿನ ಬಾಚಣಿಗೆ ಇದ್ರೆ ತಗೊಂಬಾ" ಅಂದರು. ನನ್ನ ಸ್ಟೇಷನ್‌ನಲ್ಲಿ ಇರಲಿಲ್ಲ. ತಮ್ಮ ವ್ಯಾನಿಟಿ ಬ್ಯಾಗಿನಿಂದಲೇ ತೆಗೆದುಕೊಟ್ಟರು. ಗಂಟಿಗೆ ಕಂಡೀಷನರ್ ಹಚ್ಚಿದೆ. ಬುಡಕ್ಕೆ ಜಗ್ಗದಂತೆ ಗಂಟಿನ ಮೇಲ್ಗಡೆ ಮುಷ್ಟಿಯಲ್ಲಿ ಹಿಡಿದು, ತುದಿಯಿಂದ ಶುರು ಮಾಡಿ ಎರಡೆರಡು ಇಂಚು ಮೇಲಕ್ಕೆ ಬಂದೆ. ಗಂಟು ಬಿಟ್ಟಾಗ ಒಳಗಿಂದ ಒಂದು ನೆಂದ ಮಲ್ಲಿಗೆ ಮೊಗ್ಗು ಬಿತ್ತು. ಅದರ ಸುತ್ತಲೇ ಸುತ್ತಿಕೊಂಡಿತ್ತು ಅಷ್ಟೂ.

ಗೊತ್ತಿಲ್ಲದೆ ಮಾಡಿದ್ದಲ್ಲ, ಅದೇ ನಾಚಿಕೆ. ಕೋರ್ಸಿನ ಮೊದಲ ವಾರವೇ ಹೇಳಿಕೊಡುತ್ತಾರೆ: ನೀರು ಬಿದ್ದರೆ ಕೂದಲೊಳಗಿನ ಹೈಡ್ರೋಜನ್ ಬಂಧಗಳು ಬಿಟ್ಟುಕೊಳ್ಳುತ್ತವೆ, ಒಣಗುವಾಗ ಮತ್ತೆ ಕೂಡುತ್ತವೆ. ಬ್ಲೋಡ್ರೈ ಸೆಟ್ ಆಗುವುದೇ ಅದರಿಂದ. ಒದ್ದೆಯಲ್ಲಿ ಸುಮಾರು ಶೇ. 30ರಷ್ಟು ಎಳೆದರೂ ವಾಪಸ್ ಬರುತ್ತದೆ, ಅದಕ್ಕಿಂತ ಜಾಸ್ತಿ ಎಳೆದರೆ ಬರುವುದಿಲ್ಲ. ನನಗೆ ಸಂಬಳ ಕೊಡಿಸುವ ಗುಣವೇ ಆ ಹುಡುಗಿಯ ಕೂದಲನ್ನು ಹರಿದುಹಾಕಿತು.

ಆಮೇಲೆ ಇನ್ನೊಂದು ಪೆದ್ದತನ. ಇನ್ನು ಒದ್ದೆ ತಲೆಗೆ ಬಾಚಣಿಗೆ ಮುಟ್ಟಿಸುವುದೇ ಇಲ್ಲ ಅಂತ ಶಪಥ ಮಾಡಿದೆ. ಮುಂದಿನ ವಾರ ಒಬ್ಬರು ಗುಂಗುರು ಕೂದಲಿನವರು. ಪೂರ್ತಿ ಒಣಗಿಸಿ ಬ್ರಷ್ ಹಾಕಿದೆ. ಹಿಂಜಿದ ಹತ್ತಿ! ಪುಣ್ಯಕ್ಕೆ ಅವರು ಕನ್ನಡಿ ನೋಡಿ ನಕ್ಕುಬಿಟ್ಟರು. ಗುಂಗುರಿಗೆ ಉಲ್ಟಾ. ಒದ್ದೆ ಇದ್ದಾಗಲೇ, ಕಂಡೀಷನರ್ ಜಾರಿಕೆಯಲ್ಲಿ, ಅಗಲ ಹಲ್ಲಿನಲ್ಲಿ ಬಿಡಿಸಬೇಕು. ನೇರ ಕೂದಲಾದರೆ ಟವೆಲ್‌ನಲ್ಲಿ ಒತ್ತಿ, ಸ್ವಲ್ಪ ಆರುವವರೆಗೆ ಸುಮ್ನೆ ಬಿಡಬೇಕು. ದಿನಕ್ಕೆ ನೂರು ಸಲ ಬಾಚಿದರೆ ಹೊಳೆಯುತ್ತೆ ಅಂತ ಅಜ್ಜಿಯರು ಹೇಳುತ್ತಿದ್ದರಲ್ಲ, ಒಣ ಕೂದಲಿಗೂ ಅದು ಜಾಸ್ತಿಯೇ. ಅಷ್ಟು ಉಜ್ಜಿದರೆ ಮೇಲಿನ ಪದರ ಸವೆಯುತ್ತದೆ.

ಬೇಸಿಗೆಯಲ್ಲಿ ನಮಗೆ ಟ್ಯಾಂಕರ್ ನೀರು. ಗಡಸು ನೀರಿಗೆ ಕೂದಲು ಒರಟಾಗಿ ಸಿಕ್ಕು ಇನ್ನೂ ಜಾಸ್ತಿ, ಕಂಡೀಷನರ್ ದುಪ್ಪಟ್ಟು ಬೇಕು. ತಿಂಗಳ ಕೊನೆಗೆ ಸ್ಟಾಕ್ ಮೀಟಿಂಗ್‌ನಲ್ಲಿ ಬೈಗುಳ ಮಾತ್ರ ನಮಗೆ.

ಸ್ಲಾಟ್ ಇವತ್ತಿಗೂ 20 ನಿಮಿಷವೇ. ಎಂಟನೇ ಕ್ರಾಸ್ ಫುಟ್‌ಪಾತ್‌ನಲ್ಲಿ ಕೊಂಡ ಅಗಲ ಹಲ್ಲಿನ ಬಾಚಣಿಗೆ ನನ್ನ ಏಪ್ರನ್ ಜೇಬಿನಲ್ಲಿದೆ. ಅದು ಪ್ರೊಫೆಷನಲ್ ಆಗಿ ಕಾಣಲ್ಲ, ಕ್ಲೈಂಟ್ ಮುಂದೆ ತೆಗೀಬೇಡಿ ಅಂತ ಮ್ಯಾನೇಜರ್ ಎರಡು ಸಲ ಹೇಳಿದ. ಎರಡು ಸಲವೂ "ಆಯ್ತು ಸರ್" ಅಂದಿದ್ದೇನೆ.