“ಇಲ್ಲೇ ಸಿಗುತ್ತಿರಲಿಲ್ಲವೇ?” ಎನ್ನುವವರಿಗೆ

ಪುಣೆಯಿಂದ ಕಲಬುರಗಿಗೆ ಹಳೆಯ ಪ್ರೀಮಿಯರ್ ಪದ್ಮಿನಿ ಕಾರೊಂದನ್ನು ಓಡಿಸಿಕೊಂಡು ತಂದಾಗಿನಿಂದ ಕಂಡವರೆಲ್ಲ ಒಂದೇ ಮಾತು ಕೇಳುತ್ತಿದ್ದಾರೆ: ಹಳೆಯ ಕಾರಿಗಾಗಿ ಅಷ್ಟು ದೂರ ಏಕೆ ಹೋದಿರಿ, ಇಲ್ಲೇ ಸಿಗುತ್ತಿರಲಿಲ್ಲವೇ? ಬಾಯಿಮಾತಿನಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಕೇಳುವವರು ಇದನ್ನು ಓದಿಕೊಳ್ಳಲಿ.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ನನ್ನನ್ನು ಕೆರಳಿಸುತ್ತದೆ. ಬೀದರಿನಲ್ಲಿ ಬಂಧುಗಳ ಮನೆಯ ಗೃಹಪ್ರವೇಶದ ಊಟಕ್ಕೆ ಕುಳಿತಿದ್ದಾಗ ನಮ್ಮ ಕಾಕಾ ಪಂಕ್ತಿಗೆಲ್ಲ ಕೇಳುವಂತೆ, “ತಮ್ಮಾ, ಪುಣೆದಿಂದ ಗುಜರಿ ಹೊತ್ಕೊಂಡ್ ಬಂದೀಯಂತಲ್ಲ, ನಮ್ಮೂರಾಗ ಗುಜರಿಗೇನ್ ಬರ ಬಿದ್ದಿತ್ತೇನು?” ಎಂದರು. ಎಲ್ಲರೂ ನಕ್ಕರು. ಹಿರಿಯರೆಂಬ ಕಾರಣಕ್ಕೆ ನಾನು ಸುಮ್ಮನಿದ್ದೆ, ಆದರೆ ಕಣ್ಣಿನಿಂದ ನೋಡದೆಯೇ ಒಂದು ಗಾಡಿಗೆ ಹಾಗೆ ಹೆಸರಿಡುವುದು ಅನ್ಯಾಯ. “ಅದು ಬಾಂಬೆ ಟ್ಯಾಕ್ಸಿಯಲ್ಲವೇ” ಎಂದು ಮೂಗು ಮುರಿಯುವವರಿಗೂ ಇದೇ ಮಾತು. ಹೌದು, ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಓಡಿದ ಮಾದರಿಯೇ. ದಶಕಗಳ ಕಾಲ ಆ ನಗರದ ಮಳೆಯಲ್ಲೂ ದಟ್ಟಣೆಯಲ್ಲೂ ದುಡಿದ ಈ ಮಾದರಿಯ ಕೊನೆಯ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟದ್ದು 20 ವರ್ಷದ ವಯೋಮಿತಿಯ ನಿಯಮದಿಂದ, ಓಡುವ ಶಕ್ತಿ ಮುಗಿದದ್ದರಿಂದಲ್ಲ.

ಹೊಸ ಕಾರನ್ನು ಯಾವ ಊರಿನಲ್ಲಿ ಕೊಂಡರೂ ಅದೇ ಕಾರು. ಹಳೆಯದು ಹಾಗಲ್ಲ, ಒಂದೇ ವರ್ಷ ಒಂದೇ ಕಾರ್ಖಾನೆಯಿಂದ ಹೊರಬಂದ ಎರಡು ಗಾಡಿಗಳು, ಯಾರ ಕೈಯಲ್ಲಿದ್ದವು, ಎಲ್ಲಿ ನಿಂತಿದ್ದವು ಎಂಬುದರ ಮೇಲೆ ಇಂದು ಪೂರ್ತಿ ಬೇರೆಯಾಗಿರುತ್ತವೆ. ಮುಂಬೈಯ ಕುರ್ಲಾದ ಕಾರ್ಖಾನೆಯಲ್ಲಿ ಪದ್ಮಿನಿಯ ತಯಾರಿಕೆ ನಿಂತು 20 ವರ್ಷಗಳಿಗೂ ಹೆಚ್ಚಾಗಿರುವಾಗ, ಉಳಿದವುಗಳಲ್ಲಿ ಒಳ್ಳೆಯದು ಎಲ್ಲಿದೆಯೋ ಅಲ್ಲಿಗೇ ನಾವು ಹೋಗಬೇಕು. ನಮ್ಮ ಭಾಗದಲ್ಲಿ ನಾನು ನೋಡಿದವುಗಳಲ್ಲಿ ಕೆಲವಕ್ಕೆ ಬೇರೆ ಎಂಜಿನ್ ಕೂರಿಸಿದ್ದರು, ಕೆಲವಕ್ಕೆ ಕಾಗದಪತ್ರಗಳೇ ಇರಲಿಲ್ಲ. ಮುಂಬೈಯ ಗಾಡಿಗಳನ್ನು ನಾನು ಬೇಕೆಂದೇ ಬಿಟ್ಟೆ, ಏಕೆಂದರೆ ಸಮುದ್ರದ ಉಪ್ಪುಗಾಳಿ ತಗಡನ್ನು ಒಳಗಿನಿಂದ ತಿನ್ನುತ್ತದೆ. ಪುಣೆ ಘಟ್ಟದ ಮೇಲಿನ ಊರು. ಈ ಗಾಡಿ ಅಲ್ಲಿ ಮೊದಲ ಮಾಲೀಕರ ಮನೆಯ ಶೆಡ್ಡಿನಲ್ಲೇ ಇತ್ತು.

ನಿಜವಾಗಿ ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಇದುವರೆಗೆ ಒಬ್ಬರೂ ಕೇಳಿಲ್ಲ: ಗಾಡಿಯ ಅಡಿಯಲ್ಲಿ ಮಲಗಿ ಏನು ನೋಡಿದಿರಿ? 1089 ಸಿಸಿಯ ಈ ಎಂಜಿನ್ನನ್ನು ಬಲ್ಲ ಮಿಸ್ತ್ರಿ ಬಿಚ್ಚಿ ಮತ್ತೆ ಕಟ್ಟಬಲ್ಲ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು ತೊಳೆಯಬಲ್ಲ, ಕಿಡಿಯ ಹೊತ್ತು ನಿರ್ಧರಿಸುವ ಪಾಯಿಂಟ್ ಹೊಂದಿಸಬಲ್ಲ. ಆದರೆ ತುಕ್ಕು ಹಿಡಿದ ಫ್ಲೋರನ್ನು ಸರಿಪಡಿಸಲು ತಗಡು ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಕು, ಅದರ ಖರ್ಚಿಗೆ ಕೊನೆಯಿಲ್ಲ. ಆದ್ದರಿಂದ ಮೊದಲು ಮ್ಯಾಟ್‌ಗಳನ್ನೆಲ್ಲ ಎತ್ತಿಸಿ, ಬಾಗಿಲುಗಳ ಕೆಳಗಿನ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದು ಸದ್ದು ಕೇಳಿದೆ. ಆಮೇಲೆ ಅಯಸ್ಕಾಂತ ಹಿಡಿದು ಬಾಡಿಯ ಮೇಲೆಲ್ಲ ಆಡಿಸಿದೆ. ಪೇಂಟಿನ ಕೆಳಗೆ ದಪ್ಪನೆಯ ಪುಟ್ಟಿ ಬಳಿದಿದ್ದರೆ ಅಲ್ಲಿ ಅದು ಅಂಟುವುದಿಲ್ಲ. ನಾನು ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರನ್ನು ಕೇಳಿಕೊಂಡಿದ್ದೆ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮಾತ್ರ ಸೈಲೆನ್ಸರಿನಿಂದ ಬರುವ ಹೊಗೆ ನಿಜ ಹೇಳುತ್ತದೆ. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ ಎಂದೇ ಅರ್ಥ.

ಲಾರಿಗೆ ಹಾಕಿಸಬಹುದಿತ್ತಲ್ಲ ಎನ್ನುವವರೂ ಇದ್ದಾರೆ. ಓಡಿಸಿಕೊಂಡು ಬರುವುದೇ ಹಳೆಯ ಗಾಡಿಯ ಪರೀಕ್ಷೆ ಎಂದು ನಾನು ಬಲವಾಗಿ ನಂಬುತ್ತೇನೆ. ಭಿಗವಣ, ಇಂದಾಪುರಗಳನ್ನು ದಾಟಿ, ಉಜನಿ ಜಲಾಶಯದ ಹಿನ್ನೀರಿನ ಸೀಮೆಯನ್ನು ಬಿಟ್ಟು ಬರುವ ಹೊತ್ತಿಗೆ ಬ್ರೇಕು, ಗಿಯರು, ಸ್ಟೇರಿಂಗ್ ಎಲ್ಲವೂ ನನ್ನ ಕೈಗೆ ಪರಿಚಯವಾಗಿದ್ದವು. ಮೋಹೋಳದ ಹತ್ತಿರ ನಡುಮಧ್ಯಾಹ್ನದ ಬಿಸಿಲಿನಲ್ಲಿ ಗಾಡಿ ಜಗ್ಗಿ ಜಗ್ಗಿ ನಿಂತಿತು. ಎಂಜಿನ್ನಿಗೇ ಕೂಡಿಸಿರುವ ಪೆಟ್ರೋಲ್ ಪಂಪು ಕಾದು, ಒಳಗಿನ ಪೆಟ್ರೋಲ್ ಆವಿಯಾಗಿ, ಆ ಆವಿಯನ್ನು ಪಂಪು ಎಳೆಯಲಾಗದೆ ನಿಂತದ್ದು. ಕಾರ್ಬ್ಯುರೇಟರ್ ಕಾಲದ ಗಾಡಿಗಳಿಗೆ ಬಿಸಿಲಿನಲ್ಲಿ ಇದು ಸಹಜ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ನೀರು ಚಿಮುಕಿಸಿ, ಮರದ ನೆರಳಿನಲ್ಲಿ ಕಾದೆ. ಮತ್ತೆ ಹೊರಟಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಈ ಗಾಡಿ ಇಟ್ಟುಕೊಳ್ಳುವವನಿಗೆ ಅದು ಮೊದಲೇ ಗೊತ್ತಾಗಬೇಕಾದ ಸಂಗತಿ, ಲಾರಿಯ ಮೇಲೆ ಬಂದಿದ್ದರೆ ಗೊತ್ತಾಗುತ್ತಿರಲಿಲ್ಲ. ಸೊಲ್ಲಾಪುರದಿಂದ ಅಕ್ಕಲಕೋಟೆಯ ದಾರಿ ಹತ್ತಿರವಾದರೂ ಹೆದ್ದಾರಿಯಲ್ಲೇ ಉಮರ್ಗಾದವರೆಗೆ ಬಂದು ಆಳಂದದ ಕಡೆ ತಿರುಗಿದ್ದು, ಹೆದ್ದಾರಿಯಲ್ಲಿ ಗಾಡಿ ನಿಂತರೆ ಧಾಬಾ, ಗ್ಯಾರೇಜುಗಳು ಸುಲಭವಾಗಿ ಸಿಗುತ್ತವೆಂಬ ಕಾರಣಕ್ಕೆ.

ಹೊರರಾಜ್ಯದ ಗಾಡಿ ತರುವವರು ಕಾಗದದ ವಿಷಯದಲ್ಲಿ ಅವಸರ ಮಾಡಬಾರದು. ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ನಂಬರುಗಳನ್ನು ಗಾಡಿಯ ಮೇಲಿನವುಗಳೊಂದಿಗೆ ತಾಳೆ ನೋಡಿ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣವಾಗಿದೆಯೇ, ಹಳೆಯ ಸಾಲದ ನಮೂದು ತೆಗೆಸಿದ್ದಾರೆಯೇ ನೋಡಿ. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು, ಇಲ್ಲಿ 12 ತಿಂಗಳೊಳಗೆ ಹೊಸ ನಂಬರಿಗೆ ಅರ್ಜಿ ಹಾಕಬೇಕು, ತೆರಿಗೆ ಕಟ್ಟಬೇಕು. ನನ್ನ ಅರ್ಜಿ ಸಲ್ಲಿಕೆಯಾಗಿದೆ. ಕೆಎ-32 ನಂಬರು ಬರುವವರೆಗೆ ಗಾಡಿಯ ಮೇಲೆ ಎಂಎಚ್ ಫಲಕವೇ ಇರುತ್ತದೆ.