ಹಳೇ ಶೂ, ನಿಧಾನದ ಓಟ

ಭಾನುವಾರ, 16 ನವೆಂಬರ್ 2025
ಮೈಸೂರು

ಇವತ್ತು 18 ಕಿ.ಮೀ., ಪೂರ್ತಿ ನಿಧಾನ. ಬೆಳಕು ಹರಿಯುವ ಹೊತ್ತಿಗೆ ಕುಕ್ಕರಹಳ್ಳಿ ಕೆರೆ ದಂಡೆ ಮೇಲಿದ್ದೆ. ಚಳಿ ಈಗಷ್ಟೇ ಶುರುವಾಗಿದೆ. ಓಡೋಕೆ ಈ ಊರಲ್ಲಿ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಹೆಜ್ಜಾರ್ಲೆಗಳು ಮರದ ಮೇಲೆ ಇನ್ನೂ ಮುದುಡಿ ಕೂತಿದ್ದವು. ಕಾಲಲ್ಲಿ ಹಳೇ ನೀಲಿ ಶೂ. ನೀಲಿ ಅನ್ನೋದು ಈಗ ಹೆಸರಿಗೆ ಮಾತ್ರ. ದಂಡೆಯ ಮಣ್ಣು ಬಟ್ಟೆಯ ಎಳೆಯೊಳಗೆ ಕೂತುಬಿಟ್ಟಿದೆ, ಎಷ್ಟು ತೊಳೆದರೂ ಹೋಗುವುದಿಲ್ಲ.

ಹೊಸ ಜೋಡಿ ಮನೆಯಲ್ಲೇ ಇದೆ. ದಪ್ಪ ಅಟ್ಟೆ, ಮೆತ್ತಗಿನ ಫೋಮ್. ಅದನ್ನು ಹಾಕಿಕೊಂಡರೆ ಗೊತ್ತಿಲ್ಲದೇ ವೇಗ ಏರುತ್ತದೆ. ಪ್ರತಿ ಹೆಜ್ಜೆಗೂ ಯಾರೋ ಹಿಂದಿನಿಂದ ತಳ್ಳಿದ ಹಾಗೆ. ಹಳೇ ಜೋಡಿಗೆ ಆ ಹುಮ್ಮಸ್ಸಿಲ್ಲ. ಎಷ್ಟು ಒತ್ತಿದೆನೋ ಅಷ್ಟೇ ವಾಪಸ್ಸು ಬರುತ್ತದೆ, ಅದಕ್ಕಿಂತ ಸ್ವಲ್ಪ ಕಮ್ಮಿಯೇ. ಹಾಗಾಗಿ ನಿಧಾನದ ದಿನ ನಿಧಾನವಾಗಿಯೇ ಉಳಿಯುತ್ತದೆ. ದೂರದ ಓಟಕ್ಕೆ ಬೇಕಿರುವುದು ಇದೇ ಅಲ್ವಾ? ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಿಕೊಂಡು ಓಡುವ ವೇಗದಲ್ಲೇ ಹೃದಯ ಗಟ್ಟಿಯಾಗುತ್ತದೆ, ಸ್ನಾಯುಗಳಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ದೇಹ ಕೊಬ್ಬನ್ನು ಉರಿಸುವುದು ಕಲಿಯುತ್ತದೆ. ಮೂಳೆ, ಸ್ನಾಯುರಜ್ಜುಗಳು ಇನ್ನೂ ಸೋಮಾರಿ. ಉಸಿರು ಪಳಗಿ ತಿಂಗಳುಗಳಾದ ಮೇಲೆ ಅವು ಪಳಗುತ್ತವೆ. ಅವಕ್ಕೆ ಕಾಯಲೇಬೇಕು.

ಶೂ ಮಾತ್ರ ಉಲ್ಟಾ, ಅದು ಓಡಿದಷ್ಟೂ ಸವೆಯುತ್ತದೆ. 500ರಿಂದ 800 ಕಿ.ಮೀ. ಆದಮೇಲೆ ಬದಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕಕ್ಕೆ ಒಂದಿಷ್ಟು ಅರ್ಥ ಇದೆ. ನನ್ನ ವೇಗದಲ್ಲಿ ಒಂದು ಕಿ.ಮೀ.ಗೆ ಸಾವಿರಕ್ಕೂ ಜಾಸ್ತಿ ಹೆಜ್ಜೆ. ಒಂದೊಂದು ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಅಟ್ಟೆಯ ನಡುವಿನ ಫೋಮ್ ಅಂದರೆ ಸಾಮಾನ್ಯವಾಗಿ ಇವಿಎ ಅನ್ನೋ ಮೆತ್ತಗಿನ ಪ್ಲಾಸ್ಟಿಕ್. ಅದರ ತುಂಬ ಕಣ್ಣಿಗೆ ಕಾಣದ ಗಾಳಿಯ ಗುಳ್ಳೆಗಳು. ಲಕ್ಷಗಟ್ಟಲೆ ಸಲ ಜಜ್ಜಿಸಿಕೊಂಡ ಮೇಲೆ ಅವು ಮೊದಲಿನ ಹಾಗೆ ಉಬ್ಬುವುದಿಲ್ಲ. ಕೆಳಗಿನ ರಬ್ಬರ್ ಚೆನ್ನಾಗೇ ಕಾಣುತ್ತಿರುತ್ತದೆ, ಒಳಗೆ ಜೀವ ಹೋಗಿರುತ್ತದೆ. ಆದರೆ ಓಡುವವರ ತೂಕ, ನೆಲ, ಕಾಲಿಡುವ ರೀತಿ ಎಲ್ಲಾ ಬೇರೆ ಬೇರೆ ಇರುವಾಗ ಎಲ್ಲರಿಗೂ ಒಂದೇ ಸಂಖ್ಯೆ ಹೇಗೆ ಆದೀತು? ನಾನು ಕಿ.ಮೀ. ಲೆಕ್ಕ ಇಡುವ ಆ್ಯಪ್ ನೋಡುವುದಕ್ಕಿಂತ ಶೂ ತಿರುಗಿಸಿ ನೋಡುವುದೇ ಜಾಸ್ತಿ. ನೀಲಿ ಜೋಡಿಯ ಬಲ ಹಿಮ್ಮಡಿಯ ಹೊರ ಅಂಚು ಎಡದ್ದಕ್ಕಿಂತ ಹೆಚ್ಚು ಸವೆದಿದೆ. ಆ ಕಾಲನ್ನು ನಾನು ಹೇಗೆ ಇಡುತ್ತೇನೆ ಅನ್ನೋದು ಯಾವ ವಾಚಿಗಿಂತಲೂ ಚೆನ್ನಾಗಿ ಅಲ್ಲಿ ಕಾಣುತ್ತದೆ.

ಇದರ ಎದುರು ತುದಿಯೂ ಇದೆ. 2023ರ ಬರ್ಲಿನ್ ಮ್ಯಾರಥಾನಿನಲ್ಲಿ ಇಥಿಯೋಪಿಯಾದ ಟಿಗಿಸ್ಟ್ ಅಸೆಫಾ 2 ಗಂಟೆ 11 ನಿಮಿಷ 53 ಸೆಕೆಂಡಿನಲ್ಲಿ ಓಡಿ ಮಹಿಳೆಯರ ಆಗಿನ ವಿಶ್ವದಾಖಲೆ ಮಾಡಿದರು. ಅವರ ಅಡಿಡಾಸ್ ಶೂ ಒಂದರ ತೂಕ 138 ಗ್ರಾಂ. ಜೋಡಿಯ ಬೆಲೆ ಆಗ 500 ಡಾಲರ್. ಅದನ್ನು ಮಾಡಿದ್ದೇ ಒಂದು ರೇಸಿಗೆ ಅಂತ. ನಮ್ಮ ದೇಶದ ಮ್ಯಾರಥಾನ್ ಓಟಗಾರ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ ಓಡಿದ್ದು 2 ಗಂಟೆ 12 ನಿಮಿಷದಲ್ಲಿ. ಬರಿಗಾಲಿಗೆ ಟೇಪ್ ಸುತ್ತಿಕೊಂಡು ಓಡುತ್ತಿದ್ದವರು ಅವರು. ಇಬ್ಬರ ನಡುವೆ ಏಳೇ ಸೆಕೆಂಡು! ಹೋಲಿಸಿ ಏನನ್ನೂ ಸಾಧಿಸಬೇಕಾಗಿಲ್ಲ, ಸುಮ್ನೆ ಯೋಚಿಸೋಕೆ ಮಜಾ. ಒಂದೇ ರೇಸಿನ ಶೂ ಕೊಟ್ಟರೆ ನಾನೂ ಬೇಡ ಅನ್ನುವುದಿಲ್ಲ. ಆದರೆ ಅದರ ಜೊತೆ ಒಂದು ಮಳೆಗಾಲ ಕಳೆಯೋಕಂತೂ ಆಗುವುದಿಲ್ಲ.

ಬರುವಾಗ ಮಾರ್ಕೆಟ್ ಹತ್ತಿರ ಚಪ್ಪಲಿ ಹೊಲಿಯುವವರ ಬಳಿ ನಿಂತೆ. ಕಿರುಬೆರಳ ಜಾಗದಲ್ಲಿ ಬಟ್ಟೆ ಹರಿದಿತ್ತು. ಅವರು ಶೂ ತಿರುಚಿ ನೋಡಿ, "ಅಟ್ಟೆ ಮೆತ್ತಗಾಗಿದೆ ಕಣಮ್ಮ, ಓಡೋಕೇನಾ ಇದು?" ಅಂದರು.

"ಹೂಂ ಅಣ್ಣ, ನಿಧಾನಕ್ಕೆ ಓಡ್ತೀನಿ."

"ಹಂಗಾದ್ರೆ ಇನ್ನೆರಡು ತಿಂಗಳು ಬರುತ್ತೆ ಬಿಡಿ."

ಒಳಗಿನಿಂದ ತೆಳ್ಳಗಿನ ಕ್ಯಾನ್ವಾಸ್ ಚೂರು ಇಟ್ಟು, ಗಂಟು ಬೆರಳಿಗೆ ತಾಗದ ಹಾಗೆ ಹೊರಗಡೆ ಹಾಕಿ ಹೊಲಿದರು. ಅದನ್ನು ನಾನು ಹೇಳಿಕೊಡಬೇಕಾಗಲಿಲ್ಲ. ನಲವತ್ತು ರೂಪಾಯಿ ಕೇಳಿದರು, ಐವತ್ತು ಕೊಟ್ಟೆ.

ಎರಡು ತಿಂಗಳು ಅಂದಿದ್ದಾರೆ, ನೋಡೋಣ. ಮೊಣಕಾಲ ಕೆಳಗೆ ಮುಂದಿನ ಮೂಳೆ ನೋಯತೊಡಗಿದರೆ ಅವತ್ತೇ ಇದರ ಓಟ ಮುಗಿಯಿತು. ಪ್ರೀತಿ ಅಂತ ಕಾಲು ಕೆಡಿಸಿಕೊಳ್ಳೋಕಾಗಲ್ಲ. ಆಮೇಲೆ ತರಕಾರಿ ತರೋಕೆ, ಗಿಡಕ್ಕೆ ನೀರು ಹಾಕೋಕೆ. ಇದಕ್ಕೂ ಹಿಂದಿನ ಬೂದು ಜೋಡಿ ಈಗ ಹಿತ್ತಿಲ ಬಾಗಿಲ ಹತ್ತಿರ ಇದೆ. ಅದರ ಲೇಸು ಬಿಚ್ಚಿ ಅಮ್ಮ ಹಾಗಲಬಳ್ಳಿ ಕಟ್ಟಿದ್ದಾರೆ. "ಗಟ್ಟಿ ದಾರ, ಇನ್ನೊಂದು ಜೊತೆ ಇದ್ರೆ ಕೊಡು" ಅಂತ ನೀಲಿಯದರ ಮೇಲೂ ಕಣ್ಣು ಹಾಕಿದ್ದಾರೆ.

ಮಂಗಳವಾರ ಚಾಮುಂಡಿ ಬೆಟ್ಟ, ರಸ್ತೆಯಲ್ಲಿ ಹತ್ತಿ ರಸ್ತೆಯಲ್ಲೇ ಇಳಿಯುವುದು. ಇಳಿಜಾರಿನಲ್ಲಿ ಮಂಡಿಗೆ ಪೆಟ್ಟು ಜಾಸ್ತಿ, ಆದ್ದರಿಂದ ಹೊಸ ಜೋಡಿ. ನಾಳೆ ಓಟ ಇಲ್ಲ. ನೀಲಿ ಶೂ ಒಳಗೆ ಪೇಪರ್ ತುರುಕಿ ನೆರಳಲ್ಲಿ ಇಟ್ಟಿದ್ದೇನೆ. ಗುರುವಾರದ ಹೊತ್ತಿಗೆ ಒಣಗಿರಬೇಕು.